ಅತ್ತೆಯ ಜೊತೆ ವಕೀಲರನ್ನು ಹುಡುಕಿದ್ದು

ಗಂಡ ಮನೆ ಬಿಟ್ಟು ಹೋಗಿ ಮೂರು ತಿಂಗಳಾದ ಮೇಲೆ ನಾನು ವಕೀಲರನ್ನು ಹುಡುಕಲು ಹೊರಟೆ. ನನ್ನ ಜೊತೆ ಬಂದವರು ಅವನ ತಾಯಿ.

ನಾನು ಗದಗ ಕಡೆಯವಳು. ಯಲಹಂಕದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಜಕ್ಕೂರಿನ ಹಳೆಯ ಒಕ್ಕಲು ಮನೆತನದ ಹುಡುಗನನ್ನು ಮೆಚ್ಚಿ ಮದುವೆಯಾದೆ. ಅವರ ಹೊಲಗಳ ಮೇಲೆ ಈಗ ಅಪಾರ್ಟ್‌ಮೆಂಟುಗಳು ಎದ್ದಿವೆ. ಅತ್ತೆ ಮಾತ್ರ ಎರಡು ಹಸು ಇಟ್ಟುಕೊಂಡು ಅದೇ ಅಪಾರ್ಟ್‌ಮೆಂಟಿನವರಿಗೆ ಹಾಲು ಹಾಕುತ್ತಾರೆ. ಮದುವೆಯಾದ ಹತ್ತನೆಯ ವರ್ಷ ಗಂಡ ಇನ್ನೊಬ್ಬಳ ಜೊತೆ ಹೆಬ್ಬಾಳದ ಫ್ಲಾಟಿಗೆ ಹೋದ. ಅಲ್ಲಾಳಸಂದ್ರದ ಬಾಡಿಗೆ ಮನೆಯಲ್ಲಿ ನಾನು, ಎಂಟು ವರ್ಷದ ಮಗಳು ಉಳಿದೆವು. ಶಾಲೆಯ ವ್ಯಾನು ಮಗಳನ್ನು ಅಜ್ಜಿಯ ಮನೆ ಮುಂದೆ ಇಳಿಸುತ್ತಿತ್ತು. ಕಾಲೇಜು ಮುಗಿಸಿ ನಾನು ಹೋಗಿ ಕರೆತರುತ್ತಿದ್ದೆ. ಅವನು ಹೋದ ಮೇಲೂ ಅದೊಂದು ನಿಲ್ಲಲಿಲ್ಲ.

ವಿಚ್ಛೇದನಕ್ಕೆ ಅರ್ಜಿ ಹಾಕುತ್ತೇನೆಂದು ಅತ್ತೆಗೆ ಹೇಗೆ ಹೇಳುವುದೆಂದು ವಾರಗಟ್ಟಲೆ ಒದ್ದಾಡಿದೆ. ಒಂದು ಸಂಜೆ ಹೇಳಿಯೇ ಬಿಟ್ಟೆ. ಅವರು ಹಸುವಿಗೆ ಹಿಂಡಿ ಕಲಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಯಾವತ್ತು ಓಗ್ತೀಯ ಲಾಯರ್ ತಾವ?"

"ಶನಿವಾರ ರೀ ಅತ್ತಿ."

"ಒಬ್ಳೇ ಓಗ್ಬೇಡ. ನಾನೂ ಬತ್ತೀನಿ."

"ಅದು ನಿಮ್ಮ ಮಗನ ಮ್ಯಾಲಿನ ಕೇಸ್ ಅದರಿ."

"ಗೊತ್ತು ಕಣಮ್ಮ. ಅವ್ನು ಮಾಡಿದ್ದೂ ಗೊತ್ತು. ನಂಗೆ ನನ್ ಮೊಮ್ಮಗಳು ಕೈ ತಪ್ಪಬಾರ್ದು, ಅಷ್ಟೇಯ."

ಸಹೋದ್ಯೋಗಿಯೊಬ್ಬರು ಆರ್.ಟಿ. ನಗರದ ವಕೀಲರೊಬ್ಬರ ವಿಳಾಸ ಕೊಟ್ಟಿದ್ದರು. ದೊಡ್ಡ ಬೋರ್ಡು, ಗಾಜಿನ ಬಾಗಿಲು, ಕಾಯುವವರಿಗೆ ಮೆತ್ತನೆಯ ಸೋಫಾ. ವಕೀಲರು ನಮ್ಮನ್ನು ಆದರದಿಂದಲೇ ಕೂರಿಸಿ ಕಾಫಿ ತರಿಸಿದರು. ನಾನು ಹೇಳತೊಡಗಿದ ಎರಡು ನಿಮಿಷಕ್ಕೇ ಕೈ ಎತ್ತಿ ತಡೆದರು.

"ಸಾಕಮ್ಮ, ಇಂಥವು ನೂರಾರು ನೋಡಿದೀನಿ. ಆರೇ ತಿಂಗಳು. ಮಗು ನಿಮ್ದೇ. ಮೊದ್ಲು ಅತ್ತೆ ಮೇಲೆ ಒಂದು ಕಂಪ್ಲೇಂಟ್ ಹಾಕೋಣ. ಮುದುಕೀನ ನಾಲ್ಕು ಸಲ ಸ್ಟೇಷನ್‌ಗೆ ಅಲೆಸಿದ್ರೆ ಮಗ ತಾನಾಗೇ ದಾರಿಗೆ ಬರ್ತಾನೆ."

ಅತ್ತೆ ಕಾಫಿ ಲೋಟವನ್ನು ಮೇಜಿನ ಮೇಲಿಟ್ಟು ಕೇಳಿದರು: "ಅತ್ತೆ ಏನ್ ಮಾಡವ್ಳೆ ಸಾಮಿ?"

"ಮಾಡಿರ್ಲೇಬೇಕು ಅಂತೇನಿಲ್ಲಮ್ಮ. ಹೆಂಗೆ ಬರೀಬೇಕೋ ಹಂಗೆ ನಾವು ಬರ್ಕೋತೀವಿ. ನಿಮ್ಮ ಮಗಳಿಗೆ ನ್ಯಾಯ ಸಿಗೋದು ಮುಖ್ಯ ಅಲ್ವಾ?"

"ಅವ್ಳು ನನ್ ಮಗಳಲ್ಲ ಸಾಮಿ. ಸೊಸೆ. ಆ ಮುದ್ಕಿ ನಾನೇಯ."

ವಕೀಲರ ಮುಖ ಕೆಂಪಾಯಿತು. ಆಮೇಲೆ ನನ್ನ ಮೇಲೆ ರೇಗಿದರು. ಎದುರು ಪಾರ್ಟಿಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಂದರೆ ಕೇಸು ನಡೆಸುವುದು ಹೇಗೆ ಎಂದರು. ಆ ಮಾತಿನಲ್ಲಿ ತಪ್ಪಿರಲಿಲ್ಲ ಎಂದು ಈಗ ಅನಿಸುತ್ತದೆ. ಆದರೆ ಪಕ್ಕದಲ್ಲಿ ಕೂತವರು ಯಾರೆಂದು ಅವರು ಮೊದಲು ಕೇಳಿರಲೇ ಇಲ್ಲ.

ಇಬ್ಬರೂ ಮೆಟ್ಟಿಲು ಇಳಿದು ಬಂದೆವು. ನನಗೆ ನಾಚಿಕೆಯಾಗಿತ್ತು. ಆದರೂ ಒಂದು ನಿಜ ಒಪ್ಪಿಕೊಳ್ಳಬೇಕು. 'ಆರೇ ತಿಂಗಳು, ಮಗು ನಿಮ್ದೇ' ಎಂಬ ಮಾತು ಎರಡು ದಿನ ನನ್ನ ತಲೆಯಲ್ಲೇ ಸುತ್ತುತ್ತಿತ್ತು. ಅಷ್ಟು ಖಚಿತವಾಗಿ ಆಗ ನನ್ನ ಬಳಿ ಯಾರೂ ಮಾತಾಡಿರಲಿಲ್ಲ. ಊರಿಂದ ಅಣ್ಣನೂ ಫೋನಿನಲ್ಲಿ ಅಂಥವರೇ ಬೇಕೆಂದ: "ಗಟ್ಟಿ ವಕೀಲನ್ನ ಹಿಡಿ. ಮೆತ್ತಗಿದ್ದವ್ರಿಗೆ ಕೋರ್ಟಿನ್ಯಾಗ ಯಾರು ಕಿಮ್ಮತ್ತು ಕೊಡ್ತಾರ?" ಮತ್ತೆ ಅಲ್ಲಿಗೇ, ಈ ಸಲ ಒಬ್ಬಳೇ ಹೋಗಿಬಿಡೋಣ ಎಂದು ಫೋನು ಕೈಗೆತ್ತಿಕೊಂಡಿದ್ದೆ ಕೂಡ. ಆಗ ಮಗಳು ಅಜ್ಜಿ ಹಾಕಿದ ಜಡೆ ಬಿಚ್ಚಿಕೊಳ್ಳಲಾರದೆ ನನ್ನ ಮುಂದೆ ಬಂದು ಕೂತಳು. ಫೋನು ಕೆಳಗಿಟ್ಟೆ.

ಬೋರ್ಡು ನೋಡಿ, ಅವರಿವರ ಮಾತು ಕೇಳಿ ಆರಿಸುವುದು ಬೇಡ ಅನಿಸಿತು. ರಜೆ ಹಾಕಿ ಒಂದು ಬೆಳಿಗ್ಗೆ ಕುಟುಂಬ ನ್ಯಾಯಾಲಯಕ್ಕೇ ಹೋಗಿ ಹೊರಗಿನ ಬೆಂಚಿನ ಮೇಲೆ ಕೂತೆ. ಒಳಗೆ ಏನು ನಡೆಯುತ್ತದೋ ನಮಗೆ ಕಾಣುವುದಿಲ್ಲ. ಆದರೆ ವಕೀಲರು ಹೊರಗೆ ಬಂದ ಮೇಲೆ ತಮ್ಮ ಕಕ್ಷಿದಾರರ ಜೊತೆ ಹೇಗೆ ನಡೆದುಕೊಳ್ಳುತ್ತಾರೆ ಎನ್ನುವುದು ಅಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಹೆಚ್ಚಿನವರು ನಡೆಯುತ್ತಲೇ ಮುಂದಿನ ತಾರೀಖು ಹೇಳಿ ಮಾಯವಾಗುತ್ತಿದ್ದರು. ಒಬ್ಬ ವಕೀಲೆ ಮಾತ್ರ, ಐವತ್ತರ ಹತ್ತಿರದವರು, ಒಬ್ಬ ವಯಸ್ಸಾದ ಗಂಡಸನ್ನು ಕಿಟಕಿಯ ಬಳಿ ನಿಲ್ಲಿಸಿಕೊಂಡು ನಿಧಾನವಾಗಿ ಏನೋ ಹೇಳಿ ಕೊನೆಗೆ ಕೇಳಿದರು: "ಈಗ ನಾನು ಹೇಳಿದ್ದನ್ನ ನೀವು ನಂಗೆ ಹೇಳಿ ನೋಡೋಣ." ಆತ ತಡವರಿಸಿದ. ಅವರು ಮತ್ತೊಮ್ಮೆ ಮೊದಲಿಂದ ಹೇಳಿದರು.

ನಾನು ಎದ್ದು ಹೋಗಿ ಅವರ ಕಚೇರಿ ಎಲ್ಲಿ ಎಂದು ಕೇಳಿದೆ.

ಯಶವಂತಪುರದ ಮಾರುಕಟ್ಟೆ ಹತ್ತಿರ, ಪಾತ್ರೆ ಅಂಗಡಿಯ ಮೇಲಿನ ಒಂದೇ ಕೋಣೆ. ಅತ್ತೆಯನ್ನು ಮತ್ತೆ ಕರೆದುಕೊಂಡೇ ಹೋಗಿದ್ದೆ. ಬಿಟ್ಟು ಹೋಗುವ ಧೈರ್ಯ ನನಗಿರಲಿಲ್ಲ. ಕೂತ ಕೂಡಲೇ ವಕೀಲೆ ಕೇಳಿದರು: "ಇವರು ಯಾರು?"

"ನಮ್ಮ ಅತ್ತಿ."

"ಅಂದ್ರೆ, ನಿಮ್ಮ ಯಜಮಾನರ ತಾಯಿ." ಪೆನ್ನು ಕೆಳಗಿಟ್ಟು ಅತ್ತೆಯ ಕಡೆ ತಿರುಗಿದರು. "ಅಮ್ಮಾ, ತಪ್ಪು ತಿಳ್ಕೋಬೇಡಿ. ಇವರು ನನ್ನ ಹತ್ರ ಮಾತಾಡುವಾಗ ನೀವು ಇಲ್ಲಿರಬಾರ್ದು. ನಾಳೆ ನಿಮ್ಮನ್ನೇ ಸಾಕ್ಷಿ ಅಂತ ಕರೆದ್ರೆ ನಿಮಗೂ ಕಷ್ಟ, ಇವರಿಗೂ ಕಷ್ಟ. ಸ್ವಲ್ಪ ಹೊರಗೆ ಕೂತಿರ್ತೀರಾ?"

ಅತ್ತೆ ಸೆರಗು ಸರಿಮಾಡಿಕೊಂಡು ಎದ್ದು ಹೋದರು. ಬಾಗಿಲು ಮುಚ್ಚಿದ ಮೇಲೆ, ಅವರ ಮುಂದೆ ಎಂದೂ ಬಾಯಿಗೆ ಬಾರದಿದ್ದ ಎಷ್ಟೋ ಮಾತು ತಾನಾಗಿ ಬಂತು. ವಕೀಲೆ ತಡೆಯಲಿಲ್ಲ. ಎಲ್ಲ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿದರು.

"ಎರಡು ವರ್ಷ ಆದ್ಮೇಲೆ ನಿಮ್ಮ ಮಗಳ ಒಂದು ದಿನ ಹೇಗಿರಬೇಕು? ಬೆಳಿಗ್ಗೆ ಎದ್ದಾಗಿಂದ ಹೇಳಿ."

ಹೇಳಿದೆ. ಶಾಲೆ, ವ್ಯಾನು, ಅಜ್ಜಿಯ ಮನೆ, ಕರುವಿನ ಜೊತೆ ಆಟ, ಸಂಜೆ ನಾನು ಬರುವುದು, ಹೋಂವರ್ಕು, ನಿದ್ದೆ. ಹೇಳಿ ಮುಗಿಸಿದಾಗ ನನಗೇ ಆಶ್ಚರ್ಯ: ಗಂಡನಿಗೆ ಶಿಕ್ಷೆಯಾಗಬೇಕೆಂಬ ಒಂದು ಮಾತೂ ಅದರಲ್ಲಿ ಇರಲಿಲ್ಲ. ಅವರು ಅಷ್ಟನ್ನೂ ಬರೆದುಕೊಂಡಿದ್ದರು.

"ಗೆಲ್ಲಿಸ್ತೀನಿ ಅಂತ ಮಾತು ಕೊಡಲ್ಲ," ಎಂದರು. "ಇದಕ್ಕೋಸ್ಕರ ಪ್ರಯತ್ನ ಮಾಡ್ತೀನಿ. ನಿಮ್ಮ ಯಜಮಾನರು ಮಗೂನ ನೋಡೋದನ್ನ ನೀವು ತಡೆದಿದ್ದೀರಾ?"

"ಒಂದು ತಿಂಗಳಿಂದ ಬಿಟ್ಟಿಲ್ಲರಿ."

"ಅದು ತಪ್ಪು. ಈ ಭಾನುವಾರವೇ ಕಳಿಸಿ. ಸಿಟ್ಟಿನ ಮೆಸೇಜುಗಳನ್ನೂ ಇವತ್ತಿಂದ ನಿಲ್ಲಿಸಿ. ನಾಳೆ ಅವನ್ನ ಅವರ ವಕೀಲರು ಗಟ್ಟಿಯಾಗಿ ಓದ್ತಾರೆ."

ನನ್ನ ಪರವಾಗಿ ನಿಲ್ಲಬೇಕಾದವರು ನನ್ನ ತಪ್ಪನ್ನೇ ಎತ್ತಿ ಆಡಿದ್ದು ಚುರುಕ್ಕೆಂದಿತು. ಎದ್ದು ಬರುವಷ್ಟರಲ್ಲಿ ಏಕೋ ಮೈ ಹಗುರಾಗಿತ್ತು.

ಬಸ್ ಸ್ಟಾಪಿನಲ್ಲಿ ಅತ್ತೆಯ ಮುಖ ನೋಡಲು ಅಂಜುತ್ತಾ ಕೇಳಿದೆ: "ಬ್ಯಾಸರ ಆತೇನ್ರಿ ಅತ್ತಿ?"

"ಆಯ್ತು. ಮೆಟ್ಲು ಮೇಲೆ ಕುಂತು ಬೈಕೊಂಡೆ." ಬಸ್ಸು ಬರುವ ದಾರಿ ನೋಡುತ್ತಾ ಅಂದರು: "ಆದ್ರೂ ಇವ್ಳನ್ನೇ ಇಡ್ಕೊ. ಆವತ್ತಿನ ಲಾಯರು ನಾನ್ಯಾರು ಅಂತಾನೂ ಕೇಳ್ದೆ ಎಲ್ಲಾನೂ ಬಿಚ್ಚಿಟ್ಟ. ನಾಳೆ ನಿನ್ ಮಾತ್ನೂ ಇಂಗೇ ಯಾರ್ ಮುಂದಾದ್ರೂ ಬಿಚ್ತಾನೆ. ಈಯಮ್ಮ ನನ್ನನ್ನೇ ಎದ್ದೋಗು ಅಂದ್ಲು. ನಿನ್ ಮಾತು ಇವ್ಳ ತಾವ ಬದ್ರವಾಗಿರ್ತದೆ."

ಆಮೇಲಿನದು ಆರು ತಿಂಗಳಲ್ಲಿ ಮುಗಿಯಲಿಲ್ಲ. ಒಂದೂವರೆ ವರ್ಷ ಹಿಡಿಯಿತು. ಎದುರಿನವರು ಮತ್ತೆ ಮತ್ತೆ ವಾಯಿದೆ ಕೇಳಿದರು. ಒಮ್ಮೆ ನಮ್ಮ ವಕೀಲೆಗೇ ಜ್ವರ ಬಂದು ತಾರೀಖು ಮುಂದೆ ಹೋಯಿತು. ವಾರದಲ್ಲಿ ಮೂರು-ನಾಲ್ಕು ದಿನ ಮಗಳು ತನ್ನ ಫ್ಲಾಟಿನಲ್ಲಿರಬೇಕೆಂದು ಅವನು ಹಟ ಹಿಡಿದ. ನ್ಯಾಯಾಧೀಶರು ನಮ್ಮನ್ನು ಮಧ್ಯಸ್ಥಿಕೆಗೆ ಕಳಿಸಿದರು. ಅಲ್ಲಿ ಮೂರನೆಯ ಸಲ ಕೂತಾಗ ವಕೀಲೆ ಅಂದು ಬರೆದುಕೊಂಡಿದ್ದ ಮಗಳ ದಿನಚರಿಯನ್ನು ಒಂದು ಹಾಳೆಯಲ್ಲಿ ಟೈಪ್ ಮಾಡಿಸಿ ಮೇಜಿನ ಮೇಲಿಟ್ಟರು. ಬೈಗುಳವಿಲ್ಲ, ಆರೋಪವಿಲ್ಲ. ಅವನು ಓದಿದ. ಮತ್ತೊಮ್ಮೆ ಓದಿದ.

"ಸಂಜೆ ಅಮ್ಮನ ಮನೇಲೇ ಇರ್ತಾಳಾ? ಅದನ್ನ ನೀನು ತಪ್ಪಿಸಲ್ವಾ?" ಎಂದು ನನ್ನನ್ನೇ ಕೇಳಿದ. ಅಷ್ಟು ತಿಂಗಳಲ್ಲಿ ಅವನು ನನ್ನ ಮುಖ ನೋಡಿ ಮಾತಾಡಿದ್ದು ಅದೇ ಮೊದಲು.

"ಇಲ್ಲ," ಎಂದೆ.

ಮಗಳನ್ನು ಅಜ್ಜಿಯಿಂದ ದೂರ ಮಾಡಿಬಿಡುತ್ತೇನೆಂಬ ಭಯ ಅವನಿಗೂ ಇತ್ತು ಎಂದು ಆಗ ತಿಳಿಯಿತು.

ಮಗಳು ನನ್ನ ಜೊತೆ, ಶಾಲೆ ಬಿಟ್ಟ ಮೇಲೆ ಅಜ್ಜಿಯ ಮನೆ, ಭಾನುವಾರ ಅಪ್ಪನ ಜೊತೆ. ಹಾಗೆಂದು ಬರೆದು ಇಬ್ಬರೂ ಸಹಿ ಹಾಕಿ, ಪರಸ್ಪರ ಒಪ್ಪಿಗೆಯ ಮೇಲೆ ಬೇರೆಯಾದೆವು. ತೀರ್ಪಿನ ದಿನ ಅತ್ತೆ ಬರಲಿಲ್ಲ. ನಾನೇ ಜಕ್ಕೂರಿಗೆ ಹೋಗಿ ಹೇಳಿದೆ. ಎಲ್ಲ ಕೇಳಿಸಿಕೊಂಡು, "ಅವ್ನು ಎಂಗಿದ್ದ? ಅತ್ನಾ?" ಎಂದು ಮಗನನ್ನು ವಿಚಾರಿಸಿದರು. ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನು ಪಕ್ಕದಲ್ಲಿ ಕೂತೆ. ಇನ್ನು ಮುಂದೆ ಅವರನ್ನು ಏನೆಂದು ಕರೆಯಲಿ ಎಂದು ಕೇಳಿದ್ದಕ್ಕೆ, "ಅತ್ತೆ ಅನ್ನು. ಕೋರ್ಟ್‌ನೋರು ಅದ್ನೇನೂ ಕಿತ್ಕಂಡಿಲ್ವಲ್ಲ," ಎಂದರು.

ಮುಂದಿನ ಭಾನುವಾರ ಬೆಳಿಗ್ಗೆ ಅವನು ಬಂದು ಮಗಳನ್ನು ಕರೆದುಕೊಂಡು ಹೋದ. ಅವಳು ಕಾರಿನ ಕಿಟಕಿಯಿಂದ ಕೈಬೀಸಿದಳು. ಸಂಜೆಯವರೆಗೆ ನನಗೆ ಯಾವ ಕೆಲಸವೂ ಇರಲಿಲ್ಲ. ಅಲ್ಲಾಳಸಂದ್ರ ಕೆರೆಯ ಸುತ್ತ ಒಂದು ಸುತ್ತು ನಡೆದು, ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು, ಮನೆಗೆ ಬಂದು ಮಧ್ಯಾಹ್ನವೆಲ್ಲ ನಿದ್ದೆ ಮಾಡಿದೆ.