ಕುದುರೆಯಂತೆ ಹಾರಿದ ರಾಜ

ಕೊಡಗಿನಲ್ಲಿ ಚೀಫ್ ಕಮಿಷನರರ ಆಡಳಿತದ ಕಾಲ. ನಾನು ಸಂಪಾಜೆಯ ಶಾಲೆಯಲ್ಲಿ ಮಾಷ್ಟ್ರಾಗಿದ್ದೆ. ಮಡಿಕೇರಿಯ ವಾಚನಾಲಯದವರು ಆ ವರ್ಷ ಚದುರಂಗದ ಪಂದ್ಯ ಇಟ್ಟರು. ಗೆದ್ದವನನ್ನು ಆಡಲು ಮೈಸೂರಿಗೆ ಕಳಿಸುತ್ತಾರಂತೆ. ದೊಡ್ಡ ಆಟಗಾರರ ಎದುರು ಒಮ್ಮೆಯಾದರೂ ಕೂರಬೇಕೆಂಬುದು ನನ್ನ ಹುಚ್ಚು.

ತೊಡಕೆಂದರೆ ಪಂದ್ಯ ಇಂಗ್ಲಿಷರ ನಿಯಮದ್ದು. ನಾವು ಜಗಲಿಯಲ್ಲಿ ಕಲಿತ ಆಟದಲ್ಲಿ ರಾಜ ಒಂದು ಸಲ ಕುದುರೆಯಂತೆ ಹಾರಬಹುದು. ಕಾಲಾಳು ಕೊನೆಯ ಮನೆ ಮುಟ್ಟಿದರೆ ಯಾವ ಸಾಲಿನಲ್ಲಿ ಹೋಯಿತೋ ಆ ಸಾಲಿನ ಕಾಯಿಯೇ ಆಗುತ್ತದೆ. ಇಂಗ್ಲಿಷರಲ್ಲಿ ರಾಜ ಹಾರುವಂತಿಲ್ಲ, ಕಾಲಾಳು ಮಾತ್ರ ಯಾವ ಸಾಲಿನಲ್ಲಿ ಹೋದರೂ ಬೇಕೆಂದರೆ ಎಲ್ಲಕ್ಕಿಂತ ಬಲದ ಮಂತ್ರಿಯೇ ಆಗಬಹುದು. ಹೊಸ ನಿಯಮ ತಲೆಗೆ ಹತ್ತಿತ್ತು, ಕೈಗೆ ಹತ್ತಿರಲಿಲ್ಲ.

ಕೊನೆಯ ಆಟಕ್ಕೆ ಎದುರಾದವರು ನಾಪೋಕ್ಲು ಕಡೆಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು, ಅವರೂ ಜಗಲಿಯಲ್ಲೇ ಆಟ ಕಲಿತವರು. ಮಧ್ಯಾಹ್ನದ ಹೊತ್ತಿಗೆ ನನ್ನ ಕೈ ಮೇಲಾಗಿತ್ತು. ಅವರು ಆನೆಯಿಂದ ರಾಜನಿಗೆ ಶಹ ಕೊಟ್ಟರು. ನಾನೂ ಆನೆ ಅಡ್ಡ ಇಟ್ಟಿದ್ದರೆ ಸಾಕಿತ್ತು. ಹಾಳು ಕೈ ತಾನಾಗಿ ರಾಜನನ್ನೆತ್ತಿ ಕುದುರೆಯಂತೆ ಹಾರಿಸಿಬಿಟ್ಟಿತು. ತೀರ್ಪುಗಾರರಾಗಿದ್ದ ವಕೀಲರು ರಾಜನನ್ನು ಹಿಂದಕ್ಕಿಡಿಸಿ, ಮುಟ್ಟಿದ ಮೇಲೆ ಅವನನ್ನೇ ನಡೆಸಬೇಕೆಂದರು. ಉಳಿದದ್ದು ಒಂದೇ ಮನೆ. ರಾಜ ಅಲ್ಲಿಗೆ ಹೋದರೆ ರೈಟರ ಕಾಲಾಳನ್ನು ತಡೆಯುವವರಿಲ್ಲ. ನನ್ನ ಮೇಲೆ ನನಗೇ ಮೈ ಉರಿಯಿತು. ವಕೀಲರ ಮೇಲೂ ಉರಿಯಿತು, ಸುಮ್ಮನೆ.

ಕಾಲಾಳು ಕುದುರೆಯ ಸಾಲಿನಲ್ಲಿ ಓಡಿತು. ನನ್ನ ಮೈಸೂರು ಮುಗಿಯಿತೆಂದುಕೊಂಡೆ. ಅದು ಕೊನೆಯ ಮನೆ ಮುಟ್ಟಿದ್ದೇ ತಡ, ರೈಟರು ಅದನ್ನು ತೆಗೆದು, ಮರುಯೋಚನೆಯಿಲ್ಲದೆ, ಹೊರಗಿದ್ದ ಕುದುರೆಯನ್ನು ತಂದಿಟ್ಟರು. ಮಂತ್ರಿಯನ್ನು ಇಡಬಹುದಿತ್ತೆಂದು ಅವರಿಗೆ ಹೊಳೆದದ್ದು ಕೈ ಬಿಟ್ಟ ಮೇಲೆ. ನಡೆ ನಿಯಮಕ್ಕೆ ಸರಿಯಾಗಿಯೇ ಇತ್ತು, ಬದಲಿಸುವಂತಿರಲಿಲ್ಲ.

ಸ್ವಲ್ಪ ಹೊತ್ತಿನಲ್ಲೇ ನನ್ನ ಕಾಲಾಳೂ ಒಂಟೆಯ ಸಾಲಿನಲ್ಲಿ ಕೊನೆ ಮುಟ್ಟಿತು. 'ಮಂತ್ರಿ, ಮಂತ್ರಿ' ಎಂದು ಒಳಗೇ ಜಪಿಸುತ್ತ ಮಂತ್ರಿಯನ್ನಿಟ್ಟೆ, ಗೆದ್ದೆ. ಕುಣಿಯುವಷ್ಟು ಸಂತೋಷವಾಯಿತು. ರೈಟರ ಮುಖ ನೋಡಿ ಸಂಕಟವೂ ಆಯಿತು.

ಮೈಸೂರಿನ ಬಸ್ಸು ಹತ್ತುವ ಬೆಳಿಗ್ಗೆ ನೋಡಿದರೆ ಅವರು ನಾಪೋಕ್ಲಿನಿಂದ ಬಂದು ನಿಂತಿದ್ದಾರೆ, ಕೈಯಲ್ಲಿ ಕಿತ್ತಳೆಯ ಚೀಲ.

"ನಮ್ಮಿಬ್ಬರದ್ದೂ ತಲೆ ಸರಿ ಉಂಟು ಮಾಷ್ಟ್ರೆ, ಕೈದೇ ತೊಂದರೆ. ಅಲ್ಲಿ ಬಲಗೈ ಮೇಲೆ ಕೂತ್ಕೊಳ್ಳಿ. ಯೋಚನೆ ಮುಗಿದ ಮೇಲೆ ತೆಗೀರಿ, ಸಾಕು."

ಹಾಗೆಯೇ ಮಾಡಿದೆ. ಮೈಸೂರಿನಲ್ಲಿ ಮೊದಲ ಆಟ ಗೆದ್ದು ಎದುರಾಳಿಯ ಕೈ ಕುಲುಕಲು ಹೋದಾಗ, ನನ್ನ ಬಲಗೈಗೆ ಜೋಮು ಹಿಡಿದಿತ್ತು.