ಫಾದರ್ ಬ್ರೂನೋಗೊಂದು ಮ್ಯಾಕರೋನಿ ಊಟ

ಕಳೆದ ವಾರ ನಾನು ಅಡುಗೆ ಮಾಡಿದೆ.

ನಗಬೇಡಿ. ಈ ಅಂಕಣವನ್ನು ಬಿಡದೆ ಓದುವ ನಿಮಗೆ ನನ್ನ ಅಡುಗೆಯ ಯೋಗ್ಯತೆ ಗೊತ್ತೇ ಇದೆ. ಕಾಫಿ ಸೋಸುವಾಗ ಡಿಕಾಕ್ಷನ್ನನ್ನು ಬಚ್ಚಲಿಗೆ ಬಿಟ್ಟು ಗಸಿಯನ್ನು ಜೋಪಾನವಾಗಿ ಇಟ್ಟುಕೊಂಡ ಮಹಾನುಭಾವ ನಾನು. ಅಂಥವನು ಕಳೆದ ವಾರ ಇಟಲಿ ದೇಶದ ಅಡುಗೆಗೇ ಕೈಹಾಕಿದೆ. ಮ್ಯಾಕರೋನಿ. ನಮ್ಮ ಶ್ಯಾವಿಗೆಯನ್ನು ದಪ್ಪ ಮಾಡಿ ನಡುವೆ ತೂತು ಕೊರೆದ ಹಾಗಿರುತ್ತದೆ. ಅದಕ್ಕೆ ದನದ ಮಾಂಸದ ಕೈಮಾ, ಒಳ್ಳೆ ಖಾರ, ಮೇಲೆ ಹಾಲಿನ ಕೆನೆ.

ಮಾಡಿದ್ದು ಯಾರಿಗೆ? ನಮ್ಮ ಚರ್ಚಿನ ಫಾದರ್ ಬ್ರೂನೋ ಅವರಿಗೆ.

ಫಾದರ್ ಇಟಲಿಯವರು. ನಾನು ಚಡ್ಡಿ ಹಾಕಿಕೊಂಡು ಚರ್ಚಿನ ಜ್ಞಾನೋಪದೇಶದ ಪಾಠಕ್ಕೆ ಹೋಗುತ್ತಿದ್ದ ಕಾಲದಿಂದ ಮೈಸೂರಿನಲ್ಲೇ ಇದ್ದಾರೆ. ನನ್ನ ಮದುವೆ ಮಾಡಿಸಿದವರು ಅವರೇ, ನಮ್ಮಪ್ಪನನ್ನು ಮಣ್ಣು ಮಾಡಿದವರೂ ಅವರೇ. ಮುದ್ದೆ ನುಂಗುವುದನ್ನು ಕಲಿತರು. ಅಪ್ಪಟ ಕನ್ನಡದಲ್ಲಿ ಬೈಯುವುದನ್ನೂ ಕಲಿತರು (ಕಲಿಯುವ ಕಾಲಕ್ಕೆ ಎದುರಿಗೆ ಹೆಚ್ಚಾಗಿ ನಾನೇ ಇರುತ್ತಿದ್ದೆ). ಈಗ ಈ ಇಳಿವಯಸ್ಸಿನಲ್ಲಿ ಅವರಿಗೆ ಟ್ರಾನ್ಸ್‌ಫರ್. ದೂರದ ಒಂದು ಅನಾಥಾಲಯಕ್ಕೆ.

"ಈ ಮಂಡಿ ನೋವಲ್ಲಿ ಮತ್ತೆ ಈ ಕಡೆ ಬರೋದು ಅನುಮಾನ ಕಣಯ್ಯ ಚೌರಪ್ಪ," ಅಂದರು.

ನನಗೆ ಅವರು ಹಿಂದೊಮ್ಮೆ ಹೇಳಿದ್ದು ನೆನಪಾಯಿತು. ಜ್ವರ ಬಂದು ಮಲಗಿದ್ದರು. ಗಂಜಿ ತೆಗೆದುಕೊಂಡು ಹೋಗಿದ್ದೆ. ಒಂದು ಗುಟುಕು ಕುಡಿದು, ತಮ್ಮ ತಾಯಿಯ ಮಾತು ತೆಗೆದರು. ಭಾನುವಾರ ಪೂಜೆ ಮುಗಿಸಿ ಬರುವ ಹೊತ್ತಿಗೆ ಮನೆಯೆಲ್ಲ ಘಮಘಮ. ಮ್ಯಾಕರೋನಿ, ಕೊಚ್ಚಿದ ಮಾಂಸ, ಕೆನೆ. ಅವರ ಸೀಮೆಯವರೂ ಒಣಮೆಣಸಿನಕಾಯಿಯನ್ನು ನಮ್ಮ ಹಾಗೇ ಧಾರಾಳವಾಗಿ ಹಾಕುತ್ತಾರಂತೆ. "ಹಡಗು ಹತ್ತಿದ ಮೇಲೆ ಅದನ್ನ ತಿಂದಿಲ್ಲ," ಎಂದು ಗೋಡೆಯ ಕಡೆ ತಿರುಗಿಕೊಂಡರು. ತಾಯಿ ಮಹಾಯುದ್ಧದ ಕಾಲದಲ್ಲಿ ತೀರಿಕೊಂಡರು. ಸುದ್ದಿ ಇಲ್ಲಿಗೆ ಮುಟ್ಟಿದ್ದು ಯುದ್ಧ ಮುಗಿದ ಮೇಲೆ.

ಆ ಊಟವನ್ನು ಅವರಿಗೆ ಬಡಿಸಿಯೇ ಕಳಿಸಬೇಕು ಅಂತ ನನಗೆ ಹಟ ಹುಟ್ಟಿತು. ಹೋದವರು ಮತ್ತೆ ಸಿಗುತ್ತಾರೋ ಇಲ್ಲವೋ. ಬೆಂಗಳೂರಿನ ದಂಡು ಪ್ರದೇಶದ ಅಂಗಡಿಯಿಂದ ಒಂದು ಪೊಟ್ಟಣ ಮ್ಯಾಕರೋನಿ ತರಿಸಿಟ್ಟುಕೊಂಡೆ. ಫಾದರ್ ಬಳಿ ಹೋದೆ.

"ಜಂಬೂಸವಾರಿ ಮಾರನೇ ದಿನ ರಾತ್ರಿ ನಮ್ಮನೇಲೇ ಊಟ ಫಾದರ್."

"ಆಗಲಿ. ಅದರ ಮಾರನೇ ದಿನ ಬೆಳಿಗ್ಗೆ ಪೂಜೆ ಮುಗಿಸಿ ರೈಲು ಹತ್ತಬೇಕು. ಏನಯ್ಯ ಅಡುಗೆ?"

"ಬಂದ್ಮೇಲೆ ನೋಡಿ."

ಈ ಮಾತುಕತೆಯಲ್ಲಿ ಒಂದು ಕೊರತೆ ಇದೆ. ಗಮನಿಸಿದಿರಾ? ವಾರದ ಹೆಸರೇ ಇಲ್ಲ! ದಸರೆಯ ಹೊತ್ತಿಗೆ ಮೈಸೂರಿನಲ್ಲಿ ಸೋಮವಾರ, ಮಂಗಳವಾರಗಳೂ ರಜ ಹಾಕಿ ಹೋಗಿಬಿಡುತ್ತವೆ. ಉಳಿಯುವುದು ಆಯುಧಪೂಜೆ, ಜಂಬೂಸವಾರಿ, 'ಮಾರನೇ ದಿನ'. ಸ್ಕೂಲಿಗೆ ರಜ, ಹಾಗಾಗಿ ಮೇಷ್ಟ್ರಾದ ನನ್ನ ಬುದ್ಧಿಗೂ ರಜ. ಪತ್ರಿಕೆಯಾದರೂ ಬಂದಿದ್ದರೆ ತಾರೀಖು ಕಣ್ಣಿಗೆ ಬೀಳುತ್ತಿತ್ತು. ಪ್ರೆಸ್ಸಿನವರು ಯಂತ್ರಕ್ಕೆ ಕುಂಕುಮ ಬಳಿದು, ಕುಂಬಳಕಾಯಿ ಒಡೆದು ಮನೆಗೆ ಹೋಗಿದ್ದರು (ಎಡಿಟರ್ ಸಾಹೇಬರು ಈ ಸಾಲನ್ನು ಹೊಡೆದುಹಾಕದಿರಲಿ). ಇನ್ನು ಗೋಡೆಯ ಕ್ಯಾಲೆಂಡರ್. ಅದರ ಹಾಳೆಯನ್ನು ದಿನಾ ಹರಿಯುವವಳು ನನ್ನ ಹೆಂಡತಿ ಫಿಲೋಮಿನಾ. ಅವಳು ಕೊಳ್ಳೇಗಾಲದ ತವರಿಗೆ ಹೋಗಿದ್ದಳು. ಅವಳು ಹೊರಟ ದಿನಕ್ಕೇ ನಮ್ಮ ಮನೆಯ ಕಾಲಚಕ್ರ ನಿಂತಿತ್ತು.

ಅಂತೂ 'ಮಾರನೇ ದಿನ' ಬಂತು. ಚೀಲ ಹಿಡಿದು ಮಂಡಿ ಮೊಹಲ್ಲಾದ ಸತ್ತಾರ್ ಸಾಹೇಬರ ಮಾಂಸದಂಗಡಿಗೆ ಹೋದೆ. ಅಲ್ಲಿ ಯಾವಾಗಲೂ ಕ್ಯೂ. ಅಂದು ನೊಣಗಳನ್ನು ಬಿಟ್ಟರೆ ನಾನೊಬ್ಬನೇ. ನಮ್ಮ ಚರ್ಚಿನ ಕಡೆಯವರು ಒಬ್ಬರೂ ಕಾಣಲಿಲ್ಲ. ಯಾಕಿಲ್ಲ ಅಂತ ಯೋಚಿಸಿದೆನೇ? ಹಿಂದಿನ ರಾತ್ರಿ ಬನ್ನಿಮಂಟಪದಲ್ಲಿ ಪಂಜಿನ ಕವಾಯತು ನೋಡಿ ಬಂದು ಎಲ್ಲರೂ ಬಿದ್ದುಕೊಂಡಿದ್ದಾರೆ, ಚುರುಕಾಗಿ ಎದ್ದವನು ನಾನೊಬ್ಬನೇ ಅಂತ ಬೀಗಿದೆ.

"ಜಲ್ದಿ ಹೇಳಿ ಮೇಷ್ಟ್ರೇ," ಸಾಹೇಬರು ಅವಸರ ಮಾಡಿದರು. "ಇವತ್ತು ಜುಮ್ಮಾ. ಸ್ನಾನ ಮಾಡಿ ನಮಾಜ್‌ಗೆ ಹೋಗ್ಬೇಕು."

"ಕೈಮಾ ಕೊಡಿ. ತುಂಬಾ ಸಣ್ಣಗೆ ಕೊಚ್ಬೇಕು."

"ಸಣ್ಣಗೆ ಬೇಕಾದ್ರೆ ನಾಳೆ ಬನ್ನಿ. ಇವತ್ತು ಹಿಂಗೇ."

ಕತ್ತಿ ನಾಲ್ಕು ಸಲ ಮೇಲೆ ಕೆಳಗೆ ಆಡಿತು, ಬಾಗಿಲು ಮುಚ್ಚಿತು. ಉಳಿದ ಕೊಚ್ಚುವ ಕೆಲಸವನ್ನು ಮನೆಯಲ್ಲಿ ನಾನೇ ಮಾಡಿದೆ. ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಇದನ್ನು ಬರೆಯುತ್ತಿದ್ದೇನೆ.

ಕೆನೆಗೆ ಪಕ್ಕದ ಮನೆಯ ಶಾರದಮ್ಮನವರೇ ಗತಿ. ಅವರ ಯಜಮಾನರು ಅರಮನೆಯ ಕೆಲಸದವರು. ಹಿತ್ತಿಲಲ್ಲಿ ಹಸು ಕಟ್ಟಿದ್ದಾರೆ. ಮಧ್ಯಾಹ್ನ ಇಳಿದ ಮೇಲೆ ಪಾತ್ರೆ ಹಿಡಿದು ಬೇಲಿಯ ಹತ್ತಿರ ನಿಂತೆ.

"ಶುಕ್ರವಾರ ಹಾಲು, ಮೊಸರು ಹೊರಗೆ ಕೊಡೋ ಪದ್ಧತಿ ಇಲ್ಲ ಕಣ್ರೀ ಮೇಷ್ಟ್ರೇ," ಅಂದರು ಶಾರದಮ್ಮ. "ಅದರ ಜೊತೆಗೇ ಲಕ್ಷ್ಮಿ ಹೊರಟುಹೋಗ್ತಾಳೆ ಅಂತ ನಮ್ಮತ್ತೆ ಹೇಳ್ತಿದ್ರು."

"ನಮ್ಮ ಫಾದರ್ ಊಟಕ್ಕೆ ಬರ್ತಾರಮ್ಮ. ನಾಳೆ ಊರು ಬಿಟ್ಟು ಹೋಗ್ತಿದಾರೆ."

"ಅಯ್ಯೋ, ಆ ಬಿಳೀ ಗಡ್ಡದೋರಾ? ಪಾಪ, ಬೀದೀಲಿ ಸಿಕ್ಕಿದಾಗೆಲ್ಲ ನಮ್ಮ ಹಸು ಆರೋಗ್ಯ ವಿಚಾರಿಸ್ತಿದ್ರು." ಒಂದು ಗಳಿಗೆ ನಿಂತರು. "ದೀಪ ಹಚ್ಚೋಕ್ಮುಂಚೆ ತಗೊಂಡು ಹೋಗ್ಬುಡಿ. ಹೇಗೂ ಇವತ್ತು ಏಕಾದಶಿ ಉಪವಾಸ, ನಮ್ಮನೇಲಿ ಒಲೇನೂ ಹಚ್ಚಿಲ್ಲ, ಕೆನೆ ಹಾಗೇ ಇದೆ."

ಪಾತ್ರೆ ತುಂಬ ಕೆನೆ ಕೊಟ್ಟು, ಒಳಗೆ ತಿರುಗಿದವರು ನಿಂತು ಹೇಳಿದರು: "ಏನಕ್ಕೆ ಹಾಕ್ತೀರಿ ಅಂತ ನಾನು ಕೇಳಲ್ಲ. ನೀವೂ ಹೇಳ್ಬೇಡಿ."

ಇಂಥ ನೆರೆಯವರು ಎಷ್ಟು ಜನಕ್ಕೆ ಸಿಗುತ್ತಾರೆ, ಹೇಳಿ?

ಸ್ಟವ್‌ಗೆ ಪಂಪ್ ಹೊಡೆದೆ. ಶ್ಯಾವಿಗೆಯ ಜಾತಿ ತಾನೇ, ಎರಡು ಕುದಿ ಬಂದರೆ ಸಾಕು ಅಂತ ಮ್ಯಾಕರೋನಿಯನ್ನು ಇಳಿಸಿದೆ. ಬಾಯಿಗೆ ಹಾಕಿಕೊಂಡರೆ ಹಲ್ಲೇ ಅಲ್ಲಾಡಿತು. ಮತ್ತೆ ಏರಿಸಿದೆ. ಈರುಳ್ಳಿ, ಬೆಳ್ಳುಳ್ಳಿ, ಟೊಮ್ಯಾಟೊ ಬಾಡಿಸಿ ಕೈಮಾ ಸೇರಿಸಿದೆ. ಒಣಮೆಣಸಿನಕಾಯಿ ನೆನೆಹಾಕಿ ರುಬ್ಬಿದೆ. ರುಬ್ಬಿದ ಕೈಯಲ್ಲೇ ಕಣ್ಣುಜ್ಜಿಕೊಂಡು ಒಂದು ಸುತ್ತು ಕುಣಿದೆ. ಬೆಂದ ಕೈಮಾಕ್ಕೆ ಮ್ಯಾಕರೋನಿ ಸುರಿದು, ಉರಿ ಸಣ್ಣ ಮಾಡಿ, ಕಡೆಯಲ್ಲಿ ಕೆನೆ ಬೆರೆಸಿದೆ. ಆಶ್ಚರ್ಯ! ಕೆನೆ ಒಡೆಯಲಿಲ್ಲ. ಕೆಂಪಗೆ, ಮಂದವಾಗಿ ಕುದಿಯತೊಡಗಿತು.

ಕೈ ಕೆಲಸ ಮಾಡುತ್ತಿದ್ದಾಗ ತಲೆ ಸುಮ್ಮನಿರಲಿಲ್ಲ. ಅಂಕಣಕಾರರಿಗೆ ಅಂಟುವ ರೋಗ ಇದು. ಈ ವಾರದ ಬರಹ ಅಲ್ಲೇ ಸಿದ್ಧವಾಗುತ್ತಿತ್ತು. ವಿಷಯ ಏನು ಗೊತ್ತೇ? ಶುಕ್ರವಾರ! ಶುಕ್ರವಾರ ಅಂತ ಒಬ್ಬರು ಕೈಮಾ ದಪ್ಪಗೆ ಕೊಚ್ಚುತ್ತಾರೆ. ಶುಕ್ರವಾರ ಅಂತ ಇನ್ನೊಬ್ಬರು ಕೆನೆ ಕೊಡಲು ಹಿಂದೆಮುಂದೆ ನೋಡುತ್ತಾರೆ. ದೇಶಕ್ಕೆ ಸ್ವಾತಂತ್ರ್ಯ ಬಂತು, ನಮ್ಮ ಜನ ಮಾತ್ರ ಇನ್ನೂ ವಾರಕ್ಕೆ ಗುಲಾಮರು! ಆಹಾ, ಎಂಥ ಸಾಲು! ಸೌಟು ಹಿಡಿದುಕೊಂಡೇ ಗಟ್ಟಿಯಾಗಿ ಹೇಳಿ ನೋಡಿದೆ. ಶೀರ್ಷಿಕೆ ಕೂಡ ಹೊಳೆದಿತ್ತು.

ಸಂಜೆ ಫಿಲೋಮಿನಾ ಬಸ್ಸಿಳಿದು ಬಂದಳು. ಹೊಸ್ತಿಲಲ್ಲೇ ನಿಂತು ಮೂಗರಳಿಸಿದಳು.

"ಏನ್ರೀ ಇದು ವಾಸನೆ?"

"ಕೈಮಾ. ಫಾದರ್‌ಗೆ."

"ಇವತ್ತು ಯಾವ ವಾರ?"

"ಶುಕ್ರವಾರ," ಅಂದೆ. ಥಟ್ಟನೆ ಅಂದೆ!

ನೋಡಿ, ನನಗೆ ಗೊತ್ತಿತ್ತು. ಇಬ್ಬರು ಕಿವಿಗೆ ಹಾಕಿದ್ದರಲ್ಲ? ಆದರೆ ಅದು ಸಾಹೇಬರ ಶುಕ್ರವಾರ, ಶಾರದಮ್ಮನವರ ಶುಕ್ರವಾರ. ಅದು ನನ್ನದೂ ಹೌದು ಎಂಬುದು ಹೊಳೆದದ್ದು ಹೆಂಡತಿಯ ಮುಖ ನೋಡಿದ ಮೇಲೆ.

ಗೊತ್ತಿಲ್ಲದ ಓದುಗರಿಗಾಗಿ ಹೇಳುತ್ತೇನೆ. ಯೇಸುಸ್ವಾಮಿ ಶಿಲುಬೆಯ ಮೇಲೆ ಪ್ರಾಣಬಿಟ್ಟ ವಾರ ಅದು. ಕಥೋಲಿಕರಾದ ನಾವು ಶುಕ್ರವಾರ ಮಾಂಸ ಮುಟ್ಟುವುದಿಲ್ಲ. ಇದು ನಮ್ಮ ಚಿಕ್ಕ ಮಕ್ಕಳಿಗೂ ಗೊತ್ತು. ಅದಕ್ಕೇ ಅಂದು ಸಾಹೇಬರ ಅಂಗಡಿಯಲ್ಲಿ ನಮ್ಮವರ ನೆರಳೂ ಇರಲಿಲ್ಲ. ಮಕ್ಕಳಿಗೆ ಜ್ಞಾನೋಪದೇಶ ಹೇಳಿಕೊಡಲು ಭಾನುವಾರ ಚರ್ಚಿಗೆ ಹೋಗುವವನು ಯಾರು? ಅದೂ ನಾನೇ.

ಹೊರಗೆ ಟಾಂಗಾ ನಿಂತ ಸದ್ದಾಯಿತು.

"ಸ್ತೋತ್ರ ಫಾದರ್," ಅಂದೆ.

ಅವರು ಆಶೀರ್ವದಿಸಲು ಎತ್ತಿದ ಕೈ ಅರ್ಧದಲ್ಲೇ ನಿಂತಿತು. ಮೂಗು ನೇರವಾಗಿ ಅಡುಗೆಮನೆಗೆ ಕರೆದೊಯ್ದಿತು. ಮಂಡಿ ನೋವು ಮರೆತವರಂತೆ ಸರಸರ ನಡೆದು ಪಾತ್ರೆಯ ಮುಚ್ಚಳ ತೆಗೆದರು. ಹಬೆ ಮುಖಕ್ಕೆ ಹೊಡೆದು ಕನ್ನಡಕ ಮಂಜಾಯಿತು. ಒರೆಸಿಕೊಳ್ಳಲಿಲ್ಲ. ತಮ್ಮ ಭಾಷೆಯಲ್ಲಿ ಒಂದೇ ಒಂದು ಶಬ್ದ ಅಂದರು. ಅದು ತಾಯಿಯನ್ನು ಕರೆದದ್ದು ಅಂತ ನಮಗೆ ಯಾರೂ ಹೇಳಬೇಕಾಗಿರಲಿಲ್ಲ.

ಮುಚ್ಚಳವನ್ನು ಮತ್ತೆ ಮುಚ್ಚಿ ಮೆಲ್ಲಗೆ ಕೇಳಿದರು: "ಇವತ್ತು ಶುಕ್ರವಾರ ಅಲ್ವೇನಯ್ಯ ಚೌರಪ್ಪ?"

"ಮರೆತುಬಿಟ್ಟೆ ಫಾದರ್."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬೈಯಲಿಲ್ಲ. ನನಗೆ ಅಳು ಬಂತು. ಮೆಣಸಿನಕಾಯಿ ಕೈ ಅಂತ ಹೇಳಿ ತಪ್ಪಿಸಿಕೊಳ್ಳಲೂ ಆಗಲಿಲ್ಲ, ಕೈ ತೊಳೆದುಕೊಂಡು ಬಹಳ ಹೊತ್ತಾಗಿತ್ತು.

ಫಿಲೋಮಿನಾ ದಾರಿ ಹುಡುಕಿದಳು. "ಹನ್ನೆರಡು ಹೊಡೆದ್ರೆ ಶನಿವಾರ ಅಲ್ವಾ ಫಾದರ್? ಅಲ್ಲೀವರೆಗೂ ಕಾಯೋಣ."

"ಹನ್ನೆರಡು ಹೊಡೆದ ಮೇಲೆ ಬೆಳಗಿನ ಪೂಜೆವರೆಗೂ ನನ್ನಂಥ ಗುರು ಏನೂ ಬಾಯಿಗೆ ಹಾಕೋ ಹಾಗಿಲ್ಲ ಕಣಮ್ಮ."

ಒಂದು ಕಟ್ಟಳೆ ಮುಗಿಯುವ ಗಳಿಗೆಗೆ ಇನ್ನೊಂದು ಶುರು! ನಡುವೆ ಒಂದು ತುತ್ತಿಗೂ ಜಾಗವಿಲ್ಲ.

"ಕ್ಯಾರಿಯರ್‌ಗೆ ಹಾಕಿಕೊಡ್ಲಾ? ರೈಲಲ್ಲಿ ತಿನ್ನಿ," ಅಂದವಳು ತಾನೇ ತಲೆಯಾಡಿಸಿದಳು. "ಬೇಡ, ಕೆನೆ ಹಾಕಿದೆ. ಬೆಳಗಾಗೋ ಹೊತ್ತಿಗೆ ಹಳಸಿಹೋಗತ್ತೆ."

ಫಾದರ್ ಮಣೆಯ ಮೇಲೆ ಕುಳಿತರು. "ಇಷ್ಟು ಊಟ ಚರಂಡಿಗೆ ಸುರಿಯೋದು ಇನ್ನೂ ದೊಡ್ಡ ಪಾಪ. ಸರಿಯಾದ ಕಾರಣ ಇದ್ರೆ ಒಂದು ಮನೆಗೆ ರಿಯಾಯಿತಿ ಕೊಡೋ ಅಧಿಕಾರ ಗುರುವಿಗಿದೆ. ಬೆಳಿಗ್ಗೆವರೆಗೂ ಇಲ್ಲಿಗೆ ನಾನೇ ಗುರು. ನಿಮ್ಮಿಬ್ಬರಿಗೂ ಅಪ್ಪಣೆ ಕೊಟ್ಟಿದೀನಿ. ಊಟ ಮಾಡಿ."

"ನಿಮಗೂ ಕೊಟ್ಕೊಳ್ಳಿ ಫಾದರ್!" ನಾನೂ ಅವಳೂ ಒಟ್ಟಿಗೇ ಅಂದೆವು.

"ಕೊಟ್ಕೋಬಹುದು." ಪಾತ್ರೆಯ ಕಡೆ ನೋಡಿದರು. ಬಹಳ ಹೊತ್ತು ನೋಡಿದರು. "ಆದರೆ ತನ್ನ ಆಸೆಗೆ ತಾನೇ ಅಪ್ಪಣೆ ಕೊಟ್ಕೊಂಡ ಮುದುಕ, ನಾಳೆ ಆ ಅನಾಥಾಲಯದ ಮಕ್ಕಳಿಗೆ ಯಾವ ಬಾಯಲ್ಲಿ ಬೇಡ ಅಂತಾನೆ? ನನಗೆ ಸ್ವಲ್ಪ ಮೊಸರನ್ನ ಹಾಕಮ್ಮ."

ಹೀಗೆ ಆ ಊಟ ನಡೆಯಿತು. ಫಿಲೋಮಿನಾ ಗಡಿಬಿಡಿಯಲ್ಲಿ ಬೇಯಿಸಿದ ಅನ್ನಕ್ಕೆ ಮೊಸರು, ನಿಂಬೆಕಾಯಿ ಉಪ್ಪಿನಕಾಯಿ ಫಾದರ್ ತಟ್ಟೆಯಲ್ಲಿ. ಅವರ ತಾಯಿಯ ಮ್ಯಾಕರೋನಿ ನಮ್ಮ ತಟ್ಟೆಯಲ್ಲಿ. ಅವರು ತಮ್ಮ ತಟ್ಟೆ ನೋಡಲೇ ಇಲ್ಲ. ನನ್ನ ಕೈ ಬಾಯಿಗೆ ಹೋಗುವುದನ್ನೇ ನೋಡುತ್ತಿದ್ದರು.

ಮೊದಲ ತುತ್ತು ಹಾಕಿಕೊಂಡೆ.

ಓದುಗರೇ, ಚೆನ್ನಾಗಿತ್ತು. ನನ್ನ ಹೊಗಳಿಕೆ ಅಲ್ಲ ಇದು. ಖಾರ ಮೊದಲು ಚುರುಕ್ಕೆನ್ನಿಸಿ, ಹಿಂದೆಯೇ ಕೆನೆ ಬಂದು ಸಮಾಧಾನ ಮಾಡುತ್ತಿತ್ತು. ಕೈಮಾ ಮ್ಯಾಕರೋನಿಯ ತೂತಿನೊಳಗೆಲ್ಲ ಸೇರಿಕೊಂಡಿತ್ತು. ಜನ್ಮದಲ್ಲಿ ನಾನು ಮಾಡಿದ ಒಂದೇ ಒಂದು ಒಳ್ಳೆಯ ಅಡುಗೆ. ಅದು ಅಂದೇ ಚೆನ್ನಾಗಿ ಬರಬೇಕಿತ್ತೇ?

"ಹೇಗಿದೆ?" ಫಾದರ್ ಕೇಳಿದರು. ಮುಂದಕ್ಕೆ ಬಾಗಿ, ಜಾತ್ರೆಯಲ್ಲಿ ಮಿಠಾಯಿ ಅಂಗಡಿಯ ಮುಂದೆ ನಿಂತ ಮಗುವಿನ ಹಾಗೆ ಕೇಳಿದರು. "ನಿಜ ಹೇಳಯ್ಯ."

ನಿಜ ಹೇಳಿದರೆ ಅವರು ರೈಲಿನುದ್ದಕ್ಕೂ ಅದನ್ನೇ ನೆನೆಸಿಕೊಂಡು ಹೋಗುತ್ತಾರೆ.

"ದರಿದ್ರವಾಗಿದೆ ಫಾದರ್," ಅಂದೆ. "ಕೆನೆ ಒಡೆದಿದೆ. ಮಾಂಸ ಬೆಂದಿಲ್ಲ. ನೀವು ತಿನ್ನದೇ ಇದ್ದದ್ದೇ ಪುಣ್ಯ."

ಫಿಲೋಮಿನಾ ನನ್ನ ಮುಖ ನೋಡಿದಳು. ಅರ್ಥ ಮಾಡಿಕೊಂಡಳು. "ಇವರಿಗೆ ಅಡುಗೆ ಎಲ್ಲಿ ಬರತ್ತೆ ಫಾದರ್? ನಿಮ್ಮ ತಾಯಿ ಕೈರುಚಿ ಇದಕ್ಕೆ ಎಲ್ಲಿಂದ ಬರ್ಬೇಕು?" ಅಂದಳು. ಅಂದವಳು ಸುಮ್ಮನಿರಬೇಕೋ ಬೇಡವೋ? ಮಾತು ಮುಗಿಯುವುದರೊಳಗೆ ಸೌಟು ತುಂಬ ಎರಡನೇ ಸಲ ಬಡಿಸಿಕೊಂಡಿದ್ದಳು!

ಫಾದರ್ ಆ ಸೌಟನ್ನೂ ನೋಡಿದರು, ಅವಳನ್ನೂ ನೋಡಿದರು. ಮೊಸರನ್ನ ಕಲಸಿಕೊಂಡು ನಿಧಾನವಾಗಿ ಉಂಡರು. ಮಾರನೇ ಬೆಳಿಗ್ಗೆ ಸ್ಟೇಷನ್ನಿನಲ್ಲಿ, ರೈಲಿನ ಕಿಟಕಿಯಿಂದ ಕೈಚಾಚಿ ನನ್ನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿದರು. "ನಿನಗೆ ಸುಳ್ಳು ಹೇಳೋಕೂ ಬರಲ್ವಲ್ಲಯ್ಯ," ಅಂದರು. ರೈಲು ಹೊರಟಿತು.

ಮಾಂಸಕ್ಕೇನೋ ಅಪ್ಪಣೆ ಕೊಟ್ಟು ಹೋದರು. ಆ ಸುಳ್ಳಿಗೆ ನಾನು ಇನ್ನು ಯಾರ ಬಳಿ ಕ್ಷಮೆ ಕೇಳಲಿ?