ನಳಿಗೆ ಮರಕ್ಕೆ ತಾಗಬಾರದು

ಜಗತ್ತಿನಲ್ಲಿ ಯಾವ ಎರಡು ವಸ್ತುಗಳೂ ಒಂದಕ್ಕೊಂದು ತಾಗಬಾರದೆಂದು ಹೋರಾಡುತ್ತಿರುವ ಮಹಾಪುರುಷರೊಬ್ಬರು ನಮ್ಮ ಬೀದಿಯಲ್ಲಿದ್ದಾರೆ. ಅವರ ಆಯುಧ ಒಂದು ಚೂರು ಕಾಗದ. ಬೀರುವಿಗೂ ಗೋಡೆಗೂ ನಡುವೆ ಅದನ್ನು ತೂರಿಸುತ್ತಾರೆ. ಸಲೀಸಾಗಿ ಓಡಿದರೆ ಸರಿ, ಸಿಕ್ಕಿಕೊಂಡರೆ ಮನೆಯವರ ಗ್ರಹಚಾರ. ಒಮ್ಮೆ ನೆಂಟರ ಮನೆಗೆ ಹೋದವರು, ಕುಡಿಯಲು ನೀರು ಬರುವಷ್ಟರಲ್ಲಿ ಅವರ ಫ್ರಿಜ್ಜನ್ನು ಎರಡಿಂಚು ಮುಂದಕ್ಕೆ ಎಳೆದಿದ್ದರಂತೆ. ಎಲ್ಲರಿಗೂ ಅವರು ಕಾಗದದ ಮಾವ.

ಲೇತ್ ಕೆಲಸದಿಂದ ನಿವೃತ್ತರಾದ ಮೇಲೆ ಮಾವ ರೈಫಲ್ ಕ್ಲಬ್ಬಿನ ಬಂದೂಕುಗಳನ್ನು ರಿಪೇರಿ ಮಾಡುತ್ತಾರೆ. ಗುರುವಾರ ಅವರ ತಂಗಿಯ ಮಗಳು ತನ್ನ ಪಾಯಿಂಟ್ ಟೂಟೂ ರೈಫಲ್ ಹೊತ್ತು ಬಂದಳು.

"ಮಾವ, ಮೊದಲ ಹತ್ತು ಗುಂಡು ನಟ್ಟನಡುವೆ ಬೀಳತ್ತೆ. ನಳಿಗೆ ಬಿಸಿಯಾದ್ಮೇಲೆ ಎಲ್ಲಾ ಬಲಕ್ಕೆ ಹೋಗತ್ತೆ. ಭಾನುವಾರ ಆಯ್ಕೆ. ಜೂನಿಯರ್ ತಂಡಕ್ಕೆ ನಂಗಿದು ಕೊನೇ ವರ್ಷ."

ಮಾವ ನಳಿಗೆಗೂ ಅದರ ಕೆಳಗಿನ ಮರಕ್ಕೂ ನಡುವೆ ಕಾಗದ ತೂರಿಸಿದರು. ಅರ್ಧ ದಾರಿಯಲ್ಲೇ ನಿಂತಿತು.

"ನೋಡಿದ್ಯಾ? ಮರ ಒತ್ತಿ ಹಿಡಿದಿದೆ. ಪಾಪ, ನಳಿಗೆಗೆ ಉಸಿರಾಡೋಕೂ ಜಾಗ ಇಲ್ಲ!"

ಕೋಲಿಗೆ ಮರಳುಕಾಗದ ಸುತ್ತಿ ಇಡೀ ದಿನ ಉಜ್ಜಿದರು. ಸಂಜೆಗೆ ಕಾಗದ ತುದಿಯಿಂದ ಬುಡದವರೆಗೆ ಓಡಿತು. ಇನ್ನುಳಿದದ್ದು ನಳಿಗೆಯ ಬುಡದಲ್ಲಿ, ಗುಂಡು ತೂರಿಸುವ ಬೋಲ್ಟ್ ಓಡಾಡುವ ಉಕ್ಕಿನ ಭಾಗ. ಅದು ಮರದಲ್ಲಿ ಅಲುಗದೆ ಕೂರಬೇಕು. ಅದಕ್ಕೆ ಮರದ ಗುಳಿಯಲ್ಲಿ ಎಪಾಕ್ಸಿ ಅಂಟು ತುಂಬಿ, ಉಕ್ಕಿಗೆ ಮೇಣ ಸವರಿ, ಕೂರಿಸಬೇಕು. ಮೇಣವಿದ್ದರೆ ಅಂಟು ಉಕ್ಕಿನ ಅಚ್ಚನ್ನಷ್ಟೇ ಹಿಡಿಯುತ್ತದೆ, ಉಕ್ಕನ್ನು ಹಿಡಿಯುವುದಿಲ್ಲ; ಬೇಕಾದಾಗ ಬಿಚ್ಚಬಹುದು.

ಶುಕ್ರವಾರ ಬೆಳಿಗ್ಗೆ ಅಂಟು ಕಲಸಿ ಮೇಣದ ಡಬ್ಬಿಗೆ ಕೈಹಾಕುವಷ್ಟರಲ್ಲಿ ಅತ್ತೆ ಬಂದರು.

"ರೀ, ಅದು ನನ್ನ ಮೇಜಿಗೆ ಹಚ್ಚೋ ಮೇಣ! ಮನೆ ತುಂಬಾ ಮರದ ಹೊಟ್ಟು ಹರಡಿದ್ದು ಸಾಲ್ದಾ?"

"ದೇಶಕ್ಕೆ ಪದಕ ಬರೋ ಹೊತ್ತಲ್ಲಿ ನಿನ್ನ ಮೇಜಿನ ಚಿಂತೆ ಬೇರೆ!"

"ಪದಕ ಬಂದ್ರೆ ಅದನ್ನ ಇಡೋಕಾದ್ರೂ ಮೇಜು ಬೇಡ್ವಾ?"

ಘೋರ ವಾಗ್ಯುದ್ಧ ನಡೆಯಿತು. ಅತ್ತೆ ಹಿಮ್ಮೆಟ್ಟಿದರು, ಡಬ್ಬಿ ಮಾವನ ವಶವಾಯಿತು. ಅಂಟು ಗಟ್ಟಿಯಾಗತೊಡಗಿದ್ದನ್ನು ಕಂಡ ವಿಜಯಿ, ಡಬ್ಬಿಯನ್ನು ಎಡಗೈಯಲ್ಲಿ ಭದ್ರವಾಗಿ ಹಿಡಿದುಕೊಂಡೇ ಬಲಗೈಯಿಂದ ಉಕ್ಕನ್ನು ಕೂರಿಸಿಬಿಟ್ಟರು. ಮುಚ್ಚಳ ತೆರೆದೇ ಇರಲಿಲ್ಲ.

ಶನಿವಾರ ಬಿಚ್ಚಲು ಹೋದರೆ ಸ್ಕ್ರೂಗಳು ಬಂದವು, ಉಕ್ಕು ಬರಲಿಲ್ಲ. ಮರದ ಸುತ್ತಿಗೆಯಿಂದ ತಟ್ಟಿದರು. ರೈಫಲ್ ಒಯ್ಯಲು ಬಂದ ತಂಗಿಯ ಮಗಳು ಅತ್ತ ಎಳೆದಳು, ಮಾವ ಇತ್ತ ಎಳೆದರು. ಇಬ್ಬರೂ ರೈಫಲ್ ಸಮೇತ ಸೋಫಾದ ಮೇಲೆ ಬಿದ್ದರು.

"ಮಾವ, ಏನ್ಮಾಡಿಟ್ರಿ! ನಾಳೆ ಆಯ್ಕೆ!" ಅವಳ ಕಣ್ಣಲ್ಲಿ ನೀರು.

ಮಾವ ಸ್ಕ್ರೂಗಳನ್ನು ಮತ್ತೆ ಬಿಗಿದು, ನಳಿಗೆಯ ಕೆಳಗೆ ಕಾಗದ ತೂರಿಸಿದರು. ಅದು ಓಡಿತು. "ಹೀಗೇ ತಗೊಂಡು ಹೋಗಮ್ಮ" ಎಂದರು.

ಭಾನುವಾರ ಅರವತ್ತು ಗುಂಡುಗಳೂ ನಡುವಿನ ಚುಕ್ಕೆಯನ್ನು ಬಿಟ್ಟು ಕದಲಲಿಲ್ಲ. ಪಟ್ಟಿಯಲ್ಲಿ ಅವಳ ಹೆಸರೇ ಮೊದಲು. ಕ್ಲಬ್ಬಿನ ಕಾರ್ಯದರ್ಶಿ ರೈಫಲ್ ಎತ್ತಿ ಅಲುಗಾಡಿಸಿ ನೋಡಿ ಬೆರಗಾದರು.

"ಕೂದಲೆಳೆಯಷ್ಟೂ ಅಲುಗಲ್ವಲ್ಲ ಸಾರ್! ಮೂವತ್ತು ವರ್ಷದಲ್ಲಿ ಇಂಥ ಕೆಲಸ ಕಂಡಿಲ್ಲ. ಕ್ಲಬ್ಬಿನ ಹನ್ನೆರಡು ರೈಫಲ್ಲಿಗೂ ನೀವೇ ಮಾಡ್ಕೊಡಬೇಕು. ಏನಿದರ ಗುಟ್ಟು?"

ಮಾವ ಕನ್ನಡಕ ಒರೆಸಿಕೊಂಡರು.

"ಏನಿಲ್ಲ ಸಾರ್, ಮೇಣ ಹಚ್ಚೋದು ಮರ್ತೋಯ್ತು. ಇನ್ನು ಬಿಚ್ಚೋಕೆ ಆಗಲ್ಲ."